ಗ್ಯಾಸ್ ಹೀಟರ್‌ನ ಉರಿ ಹಳದಿಯಾಗಿದೆ, ಹಾಗೇ ಬಿಡಬಹುದಾ?

ಮೊದಲು ನೀಲಿಯಾಗಿದ್ದ ಉರಿ ಈಗ ಹಳದಿಯಾಗಿ ತೂರಾಡುತ್ತಿದೆ, ಬಿಸಿ ಮಾತ್ರ ಚೆನ್ನಾಗಿ ಬರುತ್ತಿದೆ ಎಂದಿದ್ದೀರಿ. ದಯವಿಟ್ಟು ಹಾಗೇ ಬಿಡಬೇಡಿ. ಮೊದಲು ಹೀಟರ್ ಆರಿಸಿ, ಕಿಟಕಿ ತೆಗೆಯಿರಿ.

ಉರಿ ಹಳದಿಯಾಗಿ ನಿಂತಿದೆ ಅಂದರೆ ಸಾಮಾನ್ಯವಾಗಿ ಗ್ಯಾಸಿಗೆ ಸಾಕಷ್ಟು ಗಾಳಿ ಸೇರುತ್ತಿಲ್ಲ. ಆಗ ಗ್ಯಾಸ್ ಅರೆಬರೆ ಉರಿದು ಮಸಿ ಕಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಮಸಿ ಕಣ್ಣಿಗೆ ಬೀಳುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ. ಹೀಟರ್ ಹಚ್ಚಿದಾಗ ತಲೆನೋವು, ವಾಕರಿಕೆ, ಸುಸ್ತು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದೆಯಾ? ಹಾಗಿದ್ದರೆ ಎಲ್ಲರೂ ಹೊರಗೆ ಬಂದು ತಕ್ಷಣ ವೈದ್ಯರನ್ನು ಕಾಣಿ.

ನನ್ನ ಹೀಟರ್‌ಗೂ ಒಮ್ಮೆ ಹೀಗೇ ಆಗಿತ್ತು. ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ನೆ ನಿಂತಿತ್ತು. ಟಾರ್ಚ್ ಹಾಕಿ ನೋಡಿದರೆ ಬರ್ನರ್‌ಗೆ ಗಾಳಿ ಹೋಗುವ ತೂತಿನೊಳಗೆ ಜೇಡರ ಬಲೆ, ಅದರ ಮೇಲೆ ಹತ್ತಿಯಂಥ ಧೂಳು. ಅಷ್ಟು ಸಾಕಾಗಿತ್ತು.

ನೀವೂ ಅಲ್ಲಿಂದಲೇ ಶುರು ಮಾಡಿ. ಗ್ಯಾಸ್ ವಾಲ್ವ್ ಮುಚ್ಚಿ, ಹೀಟರ್ ಪೂರ್ತಿ ತಣ್ಣಗಾಗಲಿ. ಮೆತ್ತನೆ ಬ್ರಷ್‌ನಿಂದ ಬರ್ನರ್ ಮೇಲಿನ ಧೂಳು ತೆಗೆಯಿರಿ, ಗಾಳಿ ತೂತಿನ ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಒಂದು ಮಾತು ಮಾತ್ರ ನೆನಪಿರಲಿ: ಗ್ಯಾಸ್ ಬರುವ ಜೆಟ್‌ಗೆ ಪಿನ್ನು, ತಂತಿ ಏನೂ ಹಾಕಬೇಡಿ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಇನ್ನೂ ಹಳದಿಯಾಗುತ್ತದೆ.

ಆಮೇಲೆ ಹಚ್ಚಿ, ದೀಪ ಆರಿಸಿ ಕತ್ತಲಲ್ಲಿ ನೋಡಿ. ಉರಿ ಸಾಲಾಗಿ ಒಂದೇ ಎತ್ತರಕ್ಕೆ ನೀಲಿಯಾಗಿ ನಿಲ್ಲಬೇಕು. ಬರ್ನರ್ ಬಿಟ್ಟು ಮೇಲೆ ಎಗರಿ ಬುಸುಗುಟ್ಟಿದರೆ ಗಾಳಿ ಜಾಸ್ತಿಯಾಗಿರಬಹುದು. ಆಗೊಮ್ಮೆ ಈಗೊಮ್ಮೆ ಕಿತ್ತಳೆ ಕಿಡಿ ಚಿಮ್ಮಿದರೆ ಅದು ಧೂಳು, ಗಾಬರಿ ಬೇಡ. ಪೈಲಟ್ ಉರಿಯನ್ನೂ, ಅಂದರೆ ಬರ್ನರ್ ಹೊತ್ತಿಸುವ ಪುಟ್ಟ ಉರಿಯನ್ನೂ ನೋಡಿ. ಅದು ಪಕ್ಕದ ಥರ್ಮೋಕಪಲ್ ಕಡ್ಡಿಯ (ಬಿಸಿ ತಾಗಿದರೆ ಮಾತ್ರ ಗ್ಯಾಸ್ ಹರಿಯಲು ಬಿಡುವ ಕಡ್ಡಿ) ತುದಿಯನ್ನು ಸುತ್ತಿಕೊಂಡಿರಬೇಕು. ಸೊರಗಿದ್ದರೆ ಕಡ್ಡಿ ಕಾಯುವುದಿಲ್ಲ, ಹೀಟರ್ ತಾನಾಗಿಯೇ ಆರಿಹೋಗುತ್ತದೆ.

ಸೆರಾಮಿಕ್ ಪ್ಲೇಟ್ ಇರುವ ಹೀಟರ್ ಆದರೆ ಲೆಕ್ಕ ಬೇರೆ. ಅಲ್ಲಿ ಪ್ಲೇಟ್ ಎಲ್ಲ ಕಡೆ ಒಂದೇ ಸಮ ಕೆಂಪಗೆ ಕಾಯಬೇಕು. ಕಟ್ಟಿಗೆ ತುಂಡಿನಂತೆ ಕಾಣುವ ಅಲಂಕಾರದ ಹೀಟರ್‌ಗಳಲ್ಲಿ ಹಳದಿ ಉರಿ ಬೇಕೆಂದೇ ಇಟ್ಟಿರುತ್ತಾರೆ, ಅದಕ್ಕೆ ಮ್ಯಾನುಯಲ್ ನೋಡಿ.

ಸ್ವಚ್ಛ ಮಾಡಿದ ಮೇಲೂ ಹಳದಿಯೇ ಇದ್ದರೆ ಮತ್ತೆ ಹಚ್ಚಬೇಡಿ, ಗ್ಯಾಸ್ ಮೆಕ್ಯಾನಿಕ್‌ಗೆ ತೋರಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಈ ವಾರವೇ ತಂದು ಮಲಗುವ ಕೋಣೆಯ ಹತ್ತಿರ ಹಾಕಿ.