ಹಳಿಗಿಂತ ಮೊದಲು ನೆಲದಡಿಯ ಕೆಲಸ

ಪ್ರಶ್ನೆ: ಲೈಟ್ ರೈಲಿನ (ಟ್ರಾಮ್‌ನಂಥ ನಗರದ ಹಗುರ ರೈಲು) ಹಳಿ ಹಲವೆಡೆ ರಸ್ತೆಯಲ್ಲೇ ಕೂರುತ್ತದೆ. ಆದರೂ ಸ್ಕಾಟ್ಲೆಂಡಿನ ಎಡಿನ್‌ಬರೋದ ಮೊದಲ 14 ಕಿ.ಮೀ. ಮಾರ್ಗಕ್ಕೆ ಆರು ವರ್ಷ ಏಕೆ ಬೇಕಾಯಿತು? ಕೆಲಸ ಎಲ್ಲಿಗೆ ಬಂತೆಂದು ತಿಳಿಯುವುದು ಹೇಗೆ?

ಉತ್ತರ: ಮುಖ್ಯ ನಿರ್ಮಾಣ 2008ರಲ್ಲಿ ಶುರುವಾಗಿ, 2014ರ ಮೇ 31ರಂದು ರೈಲು ಓಡಿತು. ಗುತ್ತಿಗೆಯ ಜಗಳ ಒಂದು ಕಡೆಯಾದರೆ, ನೆಲದಡಿಯ ನೀರು, ಗ್ಯಾಸ್, ಕೇಬಲ್‌ಗಳ ಸ್ಥಳಾಂತರ ಇನ್ನೊಂದು ಕಡೆ. ಹಳಿಯಡಿ ಪೈಪ್ ಬಿಟ್ಟರೆ ಮುಂದೆ ಅದು ಸೋರಿದಾಗ ರೈಲನ್ನೇ ನಿಲ್ಲಿಸಿ ಅಗೆಯಬೇಕು. ಹಳೇ ನಕ್ಷೆಗಳನ್ನು ಪೂರ್ತಿ ನಂಬುವಂತಿಲ್ಲ. ಅಗೆದ ಮೇಲೇ ನಿಜ ಗೊತ್ತಾಗುವುದು.

ಆಮೇಲೆ ಕಾಂಕ್ರೀಟ್ ಹಾಸು, 1,435 ಮಿ.ಮೀ. ಅಂತರದಲ್ಲಿ ತೋಡುಳ್ಳ (ಚಕ್ರದ ಅಂಚು ಕೂರುವ ಗಾಡಿಯಿರುವ) ಹಳಿ, ಬೆಸುಗೆ. ರಸ್ತೆಯೊಳಗಿನ ಹಳಿಗೆ ಸಾಮಾನ್ಯವಾಗಿ ರಬ್ಬರ್ ಹೊದಿಕೆ ಇರುತ್ತದೆ. ಅದು ಸದ್ದು ತಗ್ಗಿಸಲು ಮಾತ್ರವಲ್ಲ: 750 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ ಹಳಿಯ ಮೂಲಕವೇ ಹಿಂದಿರುಗುತ್ತದೆ, ಮಣ್ಣಿಗೆ ಸೋರಿದರೆ ಪಕ್ಕದ ಲೋಹದ ಪೈಪನ್ನು ಸವೆಸಿ ತಿಂದುಹಾಕುತ್ತದೆ. ಹಳಿಯಂಚಿನ ಡಾಂಬರು ಬಿರುಕು ಬಿಡುವುದೂ ಉಂಟು. ಎಡಿನ್‌ಬರೋದ ಮುಖ್ಯ ಬೀದಿ ಪ್ರಿನ್ಸಸ್ ಸ್ಟ್ರೀಟನ್ನು 2011ರಲ್ಲಿ ಮತ್ತೆ ಅಗೆದದ್ದು ಇದಕ್ಕೇ.

ಹಳಿಯ ಮೇಲೆ ವಿದ್ಯುತ್ ತಂತಿ ಕಂಡಿತೆಂದರೆ ಕಠಿಣ ಭಾಗ ಮುಗಿದಂತೆ. ಆದರೆ ಪ್ರಯಾಣಿಕರಿಲ್ಲದ ಪರೀಕ್ಷಾ ಓಡಾಟ ತಿಂಗಳುಗಟ್ಟಲೆ ನಡೆಯುತ್ತದೆ. ಸಿಗ್ನಲ್ ಹೊಂದಾಣಿಕೆ, ಚಾಲಕರ ತರಬೇತಿ ಆಗಲೇ ಆಗಬೇಕು.