ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸೊಂಟದ ಬೆನ್ನುಮೂಳೆಯ ಅಳತೆಗಳು

ಪ್ರಶ್ನೆ: ಎರಡು ತಿಂಗಳ ಅಂತರದಲ್ಲಿ ತೆಗೆಸಿದ ಎರಡು ಎಂಆರ್‌ಐ ವರದಿಗಳಲ್ಲಿ ಎಲ್4–ಎಲ್5 (ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಕಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು) ಹತ್ತಿರ ನರಗಳು ಸಾಗುವ ನಾಳದ ಅಳತೆ ಮೊದಲು 14 ಮಿ.ಮೀ., ಆಮೇಲೆ 11 ಮಿ.ಮೀ. ಎಂದಿದೆ. ನೋವು ಮೊದಲಿನಷ್ಟೇ ಇದೆ. ಇಷ್ಟು ಬೇಗ ನಾಳ ಕಿರಿದಾಗುತ್ತದೆಯೇ?

ಉತ್ತರ: ಹೊಸದಾಗಿ ಡಿಸ್ಕ್ (ಎರಡು ಕಶೇರುಕಗಳ ನಡುವಿನ ಮೆತ್ತೆ) ಜಾರಿದ್ದರೆ ಆಗಬಹುದು, ಆದರೆ ಆಗ ವರದಿಯಲ್ಲಿ ಅದೇ ಮೊದಲು ಕಾಣಿಸುತ್ತಿತ್ತು. ಇಲ್ಲಿ ಬಹುಶಃ ಎರಡು ವರದಿ ಬರೆದ ಇಬ್ಬರೂ ಬೇರೆ ಬೇರೆ ಜಾಗ ಅಳೆದಿದ್ದಾರೆ. ಕಶೇರುಕದ ಹಿಂಭಾಗದಿಂದ ಹಿಂದಿನ ಮೂಳೆಯ ಕಮಾನಿನವರೆಗೆ ಅಳೆದರೆ ಅದು ಮೂಳೆಯ ನಾಳ. ನರಗಳನ್ನು ಸುತ್ತಿರುವ ಡ್ಯೂರಾ ಚೀಲವನ್ನಷ್ಟೇ ಅಳೆದರೆ ಸಂಖ್ಯೆ ಚಿಕ್ಕದಾಗುತ್ತದೆ, ಏಕೆಂದರೆ ನಡುವೆ ಕೊಬ್ಬೂ ಲಿಗಮೆಂಟಂ ಫ್ಲೇವಂ ಎಂಬ ಅಸ್ಥಿಬಂಧವೂ ಇರುತ್ತವೆ. ಪೆಡಿಕಲ್ (ಕಶೇರುಕದ ಮುಂಭಾಗವನ್ನು ಹಿಂದಿನ ಕಮಾನಿಗೆ ಸೇರಿಸುವ ಮೂಳೆ) ಮಟ್ಟದಲ್ಲಿ ಅಳೆದದ್ದಕ್ಕೂ ಡಿಸ್ಕ್ ಮಟ್ಟದಲ್ಲಿ ಅಳೆದದ್ದಕ್ಕೂ ವ್ಯತ್ಯಾಸ ಸಹಜ. ಡಿಸ್ಕ್ ಸ್ವಲ್ಪ ಉಬ್ಬುವುದೂ ಅಸ್ಥಿಬಂಧ ಮಡಿಚಿಕೊಳ್ಳುವುದೂ ಅಲ್ಲೇ.

ಸ್ಲೈಸ್‌ನ (ಸ್ಕ್ಯಾನಿನ ತೆಳು ಪದರದ ಚಿತ್ರದ) ಓರೆ ಇನ್ನೊಂದು ಕಾರಣ, ಇದನ್ನು ಹಲವರು ಗಮನಿಸುವುದೇ ಇಲ್ಲ. ಅಡ್ಡ ಸ್ಲೈಸ್ ನಾಳಕ್ಕೆ ಲಂಬವಾಗಿರಬೇಕು. ಅದು 30 ಡಿಗ್ರಿ ವಾಲಿದರೆ 14 ಮಿ.ಮೀ. ನಾಳ ಸುಮಾರು 16 ಮಿ.ಮೀ. ಆಗಿ ಕಾಣುತ್ತದೆ. ಎಲ್5–ಎಸ್1ರಲ್ಲಿ (ಸೊಂಟದ ಕೊನೆಯ ಕಶೇರುಕ ಮತ್ತು ಅದರ ಕೆಳಗಿನ ಸ್ಯಾಕ್ರಂ ಮೂಳೆಯ ಮೊದಲ ಭಾಗದ ನಡುವೆ) ಡಿಸ್ಕ್ ಮುಂದಕ್ಕೆ ತುಂಬ ಬಾಗಿರುವುದರಿಂದ ಈ ತಪ್ಪು ಅಲ್ಲೇ ಹೆಚ್ಚು. ಪಿಕ್ಸೆಲ್ ಒಂದು ಅರ್ಧ ಮಿ.ಮೀ.ಗಿಂತ ದೊಡ್ಡದಾಗಿದ್ದರೆ ಎರಡು ಅಂಚುಗಳಲ್ಲಿ ಒಂದೊಂದು ಪಿಕ್ಸೆಲ್ ಆಚೀಚೆಯಾದರೂ 1 ಮಿ.ಮೀ. ವ್ಯತ್ಯಾಸ ಬಂದೇಬಿಡುತ್ತದೆ. ಹಾಗಾಗಿ 1 ಮಿ.ಮೀ. ಬದಲಾವಣೆಗೆ ಅರ್ಥ ಹುಡುಕಬೇಡಿ.

ನೇರವಾಗಿ ಅಳೆಯುವ ಕ್ರಮ ಹೀಗೆ. ನಡುಗೆರೆಯ ಸ್ಯಾಜಿಟಲ್ (ಪಕ್ಕದಿಂದ ಕಾಣುವಂತೆ ಉದ್ದಕ್ಕೆ ಸೀಳಿದ) ಚಿತ್ರದಲ್ಲಿ ಮುಳ್ಳುಚಾಚುಗಳು (ಕಶೇರುಕದ ಹಿಂದೆ ಚಾಚಿದ ಮೊನೆಗಳು) ಪೂರ್ತಿ ಕಾಣುವ ಸ್ಲೈಸ್ ಆರಿಸಿಕೊಳ್ಳಬೇಕು, ಪಕ್ಕದ ಸ್ಲೈಸ್ ಆದರೆ ನಾಳ ಕಿರಿದಾಗಿ ಕಾಣುತ್ತದೆ. ಚೀಲದ ಅಂಚು ಹಿಡಿಯಲು ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರ ಒಳ್ಳೆಯದು, ಅದರಲ್ಲಿ ಬೆನ್ನುಹುರಿಯ ದ್ರವ ಬೆಳ್ಳಗಿರುತ್ತದೆ. ಮೂಳೆಯ ಅಂಚಿಗೆ ಸಿಟಿ ಸ್ಕ್ಯಾನೇ ಮೇಲು. ಆಮೇಲೆ ಅಡ್ಡ ಸ್ಲೈಸ್‌ನಲ್ಲಿ ಚೀಲದ ಸುತ್ತ ಗೆರೆ ಎಳೆದು ವಿಸ್ತೀರ್ಣ ತೆಗೆಯಬೇಕು. ನಮ್ಮ ಅಭಿಪ್ರಾಯದಲ್ಲಿ ಒಂಟಿ ವ್ಯಾಸಕ್ಕಿಂತ ಈ ವಿಸ್ತೀರ್ಣವೇ ಹೆಚ್ಚು ಹೇಳುತ್ತದೆ. ಮೂಳೆಯ ನಾಳ ವಯಸ್ಕರಲ್ಲಿ ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರುತ್ತದೆ. 12ಕ್ಕಿಂತ ಕಡಿಮೆಯಾದರೆ ಕಿರಿದೆಂದು ಅನುಮಾನಿಸುತ್ತಾರೆ, 10ಕ್ಕಿಂತ ಕಡಿಮೆಯಾದರೆ ಕಿರಿದೆಂದೇ ಲೆಕ್ಕ. ಚೀಲದ ವಿಸ್ತೀರ್ಣಕ್ಕೆ ಬಳಕೆಯಲ್ಲಿರುವ ಗಡಿಗಳು 100 (ಅದಕ್ಕಿಂತ ಕಡಿಮೆಯಾದರೆ ಕಿರಿದು) ಮತ್ತು 75 (ಅದಕ್ಕಿಂತ ಕಡಿಮೆಯಾದರೆ ತುಂಬ ಕಿರಿದು) ಚದರ ಮಿ.ಮೀ. ಆದರೂ ಚಿಕ್ಕ ನಾಳವಿದ್ದು ಯಾವ ತೊಂದರೆಯೂ ಇಲ್ಲದವರಿದ್ದಾರೆ. ಸಂಖ್ಯೆ ಏನೇ ಇರಲಿ, ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಸೊಂಟದ ಬಾಗು ನಿಂತು ತೆಗೆದ ಎಕ್ಸ್‌ರೇಯಲ್ಲಿ 52 ಡಿಗ್ರಿ, ಎಂಆರ್‌ಐಯಲ್ಲಿ 41 ಡಿಗ್ರಿ. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಬಹುದು, ಹೋಲಿಸಬಾರದು ಅಷ್ಟೇ. ಎಂಆರ್‌ಐಯಲ್ಲಿ ಅಂಗಾತ ಮಲಗಿಸಿ ಮೊಣಕಾಲಡಿ ದಿಂಬು ಇಡುತ್ತಾರೆ, ಆಗ ಬಾಗು ಚಪ್ಪಟೆಯಾಗುತ್ತದೆ, ನಾಳವೂ ತುಸು ಅಗಲವಾಗುತ್ತದೆ. ನಿಂತಾಗ ಎಲ್1ರ ಮೇಲಂಚಿನಿಂದ ಎಸ್1ರ ಮೇಲಂಚಿಗೆ ಹೆಚ್ಚಿನವರಲ್ಲಿ 40ರಿಂದ 60 ಡಿಗ್ರಿ. ಕೆಲವರು ಎಲ್5ರ ಕೆಳಂಚಿಗೇ ನಿಲ್ಲಿಸುತ್ತಾರೆ, ಕೋನ ಹತ್ತು ಡಿಗ್ರಿಗೂ ಮಿಕ್ಕಿ ಕಡಿಮೆ ಬರುತ್ತದೆ. ಎಕ್ಸ್‌ರೇಯಲ್ಲಿ ಮಿ.ಮೀ. ಅಳತೆ ಮಾತ್ರ ಹಾಗೇ ತೆಗೆದುಕೊಳ್ಳಬೇಡಿ. ಮೂಳೆ ಫಲಕದಿಂದ ದೂರವಿದ್ದಷ್ಟೂ ಚಿತ್ರ ಹಿಗ್ಗುತ್ತದೆ. ಕೋನಕ್ಕೆ ಅದರಿಂದ ಬಾಧೆಯಿಲ್ಲ.

ಪ್ರಶ್ನೆ: ಡಿಸ್ಕ್‌ನ ಎತ್ತರ ಒಂದು ಕಡೆ ಅಳೆದರೆ ಸಾಲದೇ?

ಉತ್ತರ: ಸಾಲದು. ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆಯಿರಿ, ಹಿಂದಿಗಿಂತ ಮುಂದೆ ಎತ್ತರ ಹೆಚ್ಚು. ಎಲ್1–ಎಲ್2ರಿಂದ ಎಲ್4–ಎಲ್5ರವರೆಗೆ ಡಿಸ್ಕ್ ದಪ್ಪವಾಗುತ್ತಾ ಹೋಗುತ್ತದೆ, ಎಲ್5–ಎಸ್1 ಹಲವರಲ್ಲಿ ಮತ್ತೆ ತೆಳು. ಅದನ್ನು ಸವೆತವೆಂದು ಬರೆಯುವ ಮುನ್ನ ಡಿಸ್ಕ್‌ನ ಬಣ್ಣ ಟಿ2ರಲ್ಲಿ ಹೇಗಿದೆ ನೋಡಿ. ಬೆಳಗಿನ ಚಿತ್ರವನ್ನು ಸಂಜೆಯದರೊಂದಿಗೆ ಹೋಲಿಸಬೇಡಿ, ದಿನವಿಡೀ ಭಾರ ಹೊತ್ತು ಡಿಸ್ಕ್ ನೀರು ಕಳೆದುಕೊಳ್ಳುತ್ತದೆ.

ಇವೆಲ್ಲಕ್ಕೂ ಮೊದಲು ಸೊಂಟದ ಕಶೇರುಕಗಳನ್ನು ಎಣಿಸಿ, ಸಾಮಾನ್ಯವಾಗಿ ಐದು. ಕೆಲವರಲ್ಲಿ ಐದನೆಯದು ಸ್ಯಾಕ್ರಂಗೆ ಅಂಟಿರುತ್ತದೆ, ಕೆಲವರಲ್ಲಿ ಆರು ಇರುತ್ತವೆ. ಕೆಳಗಿನಿಂದ ಎಣಿಸಿದರೆ ಒಂದು ಹೆಜ್ಜೆ ತಪ್ಪುತ್ತದೆ. ಕುತ್ತಿಗೆಯಿಂದ ಸೇರಿಸಿ ತೆಗೆದ ಲೋಕಲೈಜರ್ (ಜಾಗ ಗುರುತಿಸಲು ಮೊದಲು ತೆಗೆಯುವ) ಚಿತ್ರದಲ್ಲಿ ಸಿ2ರಿಂದ (ಕುತ್ತಿಗೆಯ ಎರಡನೇ ಕಶೇರುಕ) ಕೆಳಕ್ಕೆ ಎಣಿಸುವುದು ಕ್ಷೇಮ.