ತೂಕ ಇಳಿದರೆ ಎತ್ತರ ಹಾರಬಹುದಾ?

ಪ್ರಶ್ನೆ: ವಾಲಿಬಾಲ್ ಆಡುತ್ತೇನೆ, ತೂಕ 84 ಕೆಜಿ. 6 ಕೆಜಿ ಇಳಿಸಿದರೆ ಸ್ಮ್ಯಾಶ್‌ಗೆ ಇನ್ನೂ ಎತ್ತರ ಹಾರಬಹುದಾ? ಕಾಲಿನ ಬಲ ಹೋಗುತ್ತದೆ ಅಂತ ಭಯ.

ಉತ್ತರ: ಹಾರಬಹುದು, ಆದರೆ ಕರಗಬೇಕಾದ್ದು ಹೊಟ್ಟೆಯ ಕೊಬ್ಬು, ತೊಡೆಯ ಮಾಂಸಖಂಡ ಅಲ್ಲ, ಅಲ್ವಾ? ದಯವಿಟ್ಟು ರಾತ್ರಿ ಊಟ ಬಿಡಬೇಡಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು, ಮೂರು ತಿಂಗಳು ಹಿಡಿಯಲಿ. ಎರಡನೇ ಸಲ ಅನ್ನ ಬಡಿಸಿಕೊಳ್ಳುವುದನ್ನು ನಿಲ್ಲಿಸಿ, ಮೊಟ್ಟೆ, ಮೀನು, ಮೊಸರು, ಕಾಳಿನ ಪಲ್ಯ ಜಾಸ್ತಿ ಮಾಡಿ. ದಿನಕ್ಕೆ ಸುಮಾರು 130 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ ಅಷ್ಟೇ. ಜಿಮ್‌ನಲ್ಲಿ ತುಂಬಾ ಜನ ಸ್ಕ್ವಾಟ್‌ನ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವ ವ್ಯಾಯಾಮ) ಭಾರ ಇಳಿಸಿ ಸುಮ್ನೆ ಇಪ್ಪತ್ತಿಪ್ಪತ್ತು ಸಲ ಮಾಡುತ್ತಾರೆ, ಬಲ ಹೋಗುವುದೇ ಅಲ್ಲಿ. ಭಾರ ಹಾಗೇ ಇರಲಿ, ಸೆಟ್ (ವ್ಯಾಯಾಮದ ಸುತ್ತು) ಕಡಿಮೆ ಮಾಡಿ. ವಾರಕ್ಕೊಮ್ಮೆ ಬೆರಳಿಗೆ ಚಾಕ್‌ಪೀಸ್ ಪುಡಿ ಹಚ್ಚಿಕೊಂಡು ಗೋಡೆ ಪಕ್ಕ ಹಾರಿ ಗುರುತು ನೋಡಿ. ಎರಡು ವಾರ ಗುರುತು ಕೆಳಗೇ ಬಿದ್ದರೆ ಊಟ ಸ್ವಲ್ಪ ಹೆಚ್ಚಿಸಿ.